ನೆಲದ ಹೆಸರು, ಹೆಸರಿನ ನಿಜ: ಬರ್ಗಂಡಿಯ ದ್ರಾಕ್ಷಿ ಸೀಮೆ
(ದತ್ತಿ ಉಪನ್ಯಾಸದ ಪಠ್ಯ)



ಬೇಸಾಯದ ಚರಿತ್ರೆಯ ಬಗ್ಗೆ ವರ್ಷಕ್ಕೊಂದು ಉಪನ್ಯಾಸ ನಡೆಯಲಿ ಎಂಬ ಆಶಯದಿಂದ ಹುಟ್ಟಿದ ದತ್ತಿ ಇದು. ಈ ಸಲದ ಮಾತಿಗೆ ನನ್ನನ್ನು ಕರೆದಿದ್ದೀರಿ. ನಾನು ಆರಿಸಿಕೊಂಡಿರುವ ವಿಷಯ ಫ್ರಾನ್ಸಿನ ಪೂರ್ವಭಾಗದ ಬರ್ಗಂಡಿ. ಜಗತ್ತಿನ ಅತ್ಯಂತ ಹೆಸರುವಾಸಿ ಕೆಂಪು ವೈನ್ ಬರುವ ಸೀಮೆಗಳಲ್ಲಿ ಅದೂ ಒಂದು. ವೈನಿನ ವಿಷಯ ಎಂದಾಗ ಸಭೆಯಲ್ಲಿ ಕೆಲವರಿಗೆ ಸಂಕೋಚ ಆಗಬಹುದು. ಕುಡಿತ ನಮ್ಮಲ್ಲಿ ಎಷ್ಟು ಮನೆಗಳನ್ನು ಹಾಳುಮಾಡಿದೆ ಎಂಬುದು ನಮಗೆಲ್ಲ ಗೊತ್ತು. ಆ ಸಂಕಟವನ್ನು ಹಗುರ ಮಾಡುವ ಒಂದು ಮಾತನ್ನೂ ನಾನು ಇಲ್ಲಿ ಆಡುವುದಿಲ್ಲ. ವೈನನ್ನು ತನ್ನ ಸಂಸ್ಕೃತಿಯ ಭಾಗ ಎಂದುಕೊಂಡಿರುವ ಫ್ರಾನ್ಸ್ ಕೂಡ 1991ರ ಎವಾಂ ಕಾನೂನಿನ ಮೂಲಕ ಮದ್ಯದ ಜಾಹೀರಾತಿಗೆ ಬಿಗಿಯಾದ ಕಟ್ಟು ಹಾಕಿತು. ನನ್ನ ಆಸಕ್ತಿ ಆ ಸೀಮೆಯ ಮಣ್ಣು, ಬಳ್ಳಿ, ರೈತ ಮತ್ತು ಕಾನೂನಿನಲ್ಲಿದೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಬರ್ಗಂಡಿಯ ಹಿರಿಮೆಯಲ್ಲಿ ಅರ್ಧ ಪಾಲು ಪ್ರಕೃತಿಯದು. ಉಳಿದರ್ಧ ಅಲ್ಲಿಯ ಜನ ತಮ್ಮ ನೆಲವನ್ನು ತಲೆಮಾರುಗಟ್ಟಲೆ ಗಮನಿಸಿ, ಗಮನಿಸಿದ್ದನ್ನು ಬರೆದಿಟ್ಟು, ಆ ನೆಲದ ಹೆಸರು ಸುಳ್ಳಾಗದಂತೆ ತಮ್ಮ ಕೈಯನ್ನು ತಾವೇ ಕಟ್ಟಿಕೊಂಡದ್ದರಿಂದ ಬಂದದ್ದು. ಈ ಎರಡನೆಯ ಅರ್ಧವನ್ನು ಬೇರೆಯವರೂ ಕಲಿಯಬಹುದು. ಅದಕ್ಕಾಗಿಯೇ ಈ ವಿಷಯವನ್ನು ಕನ್ನಡದ ಸಭೆಗೆ ತಂದಿದ್ದೇನೆ.

ಮೊದಲು ನೆಲದ ಪರಿಚಯ. ದಿಜೊಂ ನಗರದಿಂದ ದಕ್ಷಿಣಕ್ಕೆ ಬೋನ್ ಪಟ್ಟಣವನ್ನು ದಾಟಿ ಸುಮಾರು 50–60 ಕಿಲೋಮೀಟರ್ ಉದ್ದಕ್ಕೆ ಒಂದು ಇಳಿಜಾರು ಹಬ್ಬಿದೆ. ಇದು ಕೋಟ್ ದೋರ್. ಇದರ ಉತ್ತರ ಭಾಗ ಕೋಟ್ ದ ನ್ವಿ, ದಕ್ಷಿಣ ಭಾಗ ಕೋಟ್ ದ ಬೋನ್. ಉದ್ದವೇನೋ ಇದೆ, ಅಗಲ ಮಾತ್ರ ಬಹಳ ಕಡಿಮೆ. ಹೆಚ್ಚಿನ ಕಡೆ ದ್ರಾಕ್ಷಿತೋಟಗಳ ಪಟ್ಟಿ ಒಂದೆರಡು ಕಿಲೋಮೀಟರನ್ನೂ ಮೀರುವುದಿಲ್ಲ. ಮೇಲೆ ಕಾಡು ಮುಚ್ಚಿದ ಗುಡ್ಡದ ನೆತ್ತಿ, ಕೆಳಗೆ ಸೋನ್ ನದಿಯ ಬಯಲು. ಇಳಿಜಾರಿನ ಮುಖ ಪೂರ್ವಕ್ಕೆ, ಆಗ್ನೇಯಕ್ಕೆ ಇರುವುದರಿಂದ ಬೆಳಗಿನ ಬಿಸಿಲು ನೇರವಾಗಿ ಬಳ್ಳಿಗೆ ತಾಗುತ್ತದೆ, ಪಡುವಣದ ಮಳೆಗಾಳಿಯನ್ನು ಗುಡ್ಡ ಅಷ್ಟಿಷ್ಟು ತಡೆಯುತ್ತದೆ. ನೆತ್ತಿಯ ಹತ್ತಿರ ಮಣ್ಣು ತೆಳು, ಚಳಿ ಜಾಸ್ತಿ. ಬಯಲಿನ ಹತ್ತಿರ ಮಣ್ಣು ದಪ್ಪ, ತೇವ ಜಾಸ್ತಿ. ಇವೆರಡರ ನಡುವೆ, ಸಮುದ್ರ ಮಟ್ಟದಿಂದ ಸುಮಾರು 250ರಿಂದ 300 ಮೀಟರ್ ಎತ್ತರದಲ್ಲಿ, ಹೆಸರಾಂತ ತೋಟಗಳೆಲ್ಲ ಸಾಲಾಗಿ ಕೂತಿವೆ.

ಈ ನೆಲ ಒಂದು ಕಾಲಕ್ಕೆ ಆಳವಿಲ್ಲದ ಬೆಚ್ಚನೆಯ ಕಡಲಿನ ತಳವಾಗಿತ್ತು. ಜುರಾಸಿಕ್ ಯುಗದ ಆ ಕಡಲಿನ ಚಿಪ್ಪುಗಳು, ಕೆಸರು ಪದರಪದರವಾಗಿ ಸೇರಿ ಸುಣ್ಣಕಲ್ಲಾದವು. ಸುಣ್ಣವೂ ಜೇಡಿಯೂ ಬೆರೆತ ಮೆದು ಪದರಗಳು ಆ ಕಲ್ಲಿನ ನಡುವೆ ಸೇರಿಕೊಂಡವು. ಮುಂದೆ ಸೋನ್ ನದಿಯ ಕಡೆಯ ಭೂಭಾಗ ಕುಸಿದಾಗ ಅಂಚಿನ ಬಂಡೆಗಳು ಬಿರಿದು, ಜಾರಿ, ಒಂದರ ಪಕ್ಕ ಇನ್ನೊಂದು ಕಾಲದ ಪದರ ಬಂದು ನಿಂತಿತು. ಹೀಗಾಗಿ ಇಲ್ಲಿ ನೂರು ಹೆಜ್ಜೆ ನಡೆದರೆ ಕಾಲಡಿಯ ಕಲ್ಲು ಬದಲಾಗುತ್ತದೆ. ನೀರು ಇಂಗುವ ವೇಗ, ಮಣ್ಣಿನ ಆಳ, ಬೇರಿಗೆ ಸಿಗುವ ಜೇಡಿಯ ಪ್ರಮಾಣ ಎಲ್ಲವೂ ಬದಲಾಗುತ್ತವೆ. ಪಕ್ಕಪಕ್ಕದ ಊರುಗಳಾದ ವೊಲ್ನೆ ಮತ್ತು ಪೊಮಾರ್‌ಗಳನ್ನು ನೋಡಿ. ವೊಲ್ನೆಯ ವೈನ್ ನಯಕ್ಕೆ, ಪರಿಮಳಕ್ಕೆ ಹೆಸರಾದದ್ದು. ಜೇಡಿ ಹೆಚ್ಚಿರುವ ಪೊಮಾರ್‌ನ ವೈನ್ ಗಟ್ಟಿತನಕ್ಕೆ, ಒಗರಿಗೆ ಹೆಸರಾದದ್ದು. ಎರಡೂ ಕಡೆ ಬೆಳೆಯುವುದು ಒಂದೇ ದ್ರಾಕ್ಷಿ.

ನಮ್ಮ ಹಳ್ಳಿಗಳಲ್ಲಿ ಹೊಲಗಳಿಗೆ ಹೆಸರಿರುತ್ತದೆ: ಕೋಡಿ ಹೊಲ, ಬೇವಿನಮರದ ಹೊಲ, ಕಲ್ಲುಗುಂಡಿ ಹೊಲ. ಯಾವ ಹೊಲಕ್ಕೆ ಯಾವ ಬೆಳೆ, ಎಲ್ಲಿ ನೀರು ನಿಲ್ಲುತ್ತದೆ ಎಂಬುದು ಆ ಹೆಸರಿನೊಂದಿಗೆ ಮನೆಯವರ ತಲೆಯಲ್ಲಿ ಉಳಿದಿರುತ್ತದೆ. ಬರ್ಗಂಡಿಯಲ್ಲಿಯೂ ಪ್ರತಿ ತುಂಡು ನೆಲಕ್ಕೆ ಹೆಸರಿದೆ. ಎಲ್ಲೆ ಗುರುತಿಸಿ, ಹೆಸರಿಟ್ಟು, ಅದರ ಗುಣವನ್ನು ದಾಖಲಿಸಿದ ಇಂಥ ತುಂಡಿಗೆ ಅಲ್ಲಿಯವರು ಕ್ಲಿಮಾ ಎನ್ನುತ್ತಾರೆ. ಕೋಟ್ ದೋರ್‌ನ ಇಳಿಜಾರಿನಲ್ಲಿ 1,247 ಕ್ಲಿಮಾಗಳಿವೆ. ಕೆಲವು ದೊಡ್ಡವು, ಕೆಲವು ಒಂದೆರಡು ಎಕರೆ. ಜಗತ್ಪ್ರಸಿದ್ಧವಾದ ರೊಮಾನೆ-ಕೊಂತಿಯ ವಿಸ್ತೀರ್ಣ 1.8 ಹೆಕ್ಟೇರ್, ಅಂದರೆ ಸುಮಾರು ನಾಲ್ಕೂವರೆ ಎಕರೆ. ಅಲ್ಲಿಯ ಬಾಟಲಿಯ ಮೇಲೆ ದೊಡ್ಡದಾಗಿ ಅಚ್ಚಾಗುವುದು ನೆಲದ ಹೆಸರು. ದ್ರಾಕ್ಷಿ ಯಾವುದೆಂದು ಸಾಮಾನ್ಯವಾಗಿ ಬರೆಯುವುದೇ ಇಲ್ಲ. ಅತ್ಯುತ್ತಮ ದರ್ಜೆಯ ತೋಟವಾದರೆ ಊರಿನ ಹೆಸರೂ ಬೇಡ, ಶಾಂಬೆರ್ತಾಂ ಎಂದೋ ಮ್ಯುಸಿನಿ ಎಂದೋ ತೋಟದ ಹೆಸರೊಂದೇ ಸಾಕು.

ಈ ನೆಲದ ಗುಣವನ್ನು ಹೊರಗೆ ತರುವ ಬಳ್ಳಿ ಪಿನೊ ನ್ವಾರ್. ಬೆಳೆಯಲು ಇದು ಕಷ್ಟದ ಬಳ್ಳಿ. ಬೇಗ ಚಿಗುರುತ್ತದೆ, ಆದ್ದರಿಂದ ವಸಂತದ ಕೊರೆಯುವ ಚಳಿಗೆ ಬೇಗ ಬಲಿಯಾಗುತ್ತದೆ. ಗೊಂಚಲು ಚಿಕ್ಕದು, ಹಣ್ಣುಗಳು ಒತ್ತೊತ್ತಾಗಿರುತ್ತವೆ, ಮಳೆ ಹೆಚ್ಚಾದರೆ ಕೊಳೆಯುತ್ತವೆ. ಸಿಪ್ಪೆ ತೆಳು. ವೈನಿನ ಬಣ್ಣ ಮತ್ತು ಒಗರು ಸಿಪ್ಪೆಯಿಂದ ಬರುವುದರಿಂದ ಬರ್ಗಂಡಿಯ ಕೆಂಪು ವೈನ್ ಕಡುಗಪ್ಪಾಗಿರುವುದಿಲ್ಲ, ಲೋಟದ ಆಚೆ ಬದಿ ಕಾಣುವಷ್ಟು ತಿಳಿಯಾಗಿರುತ್ತದೆ. ಎಳೆಯದರಲ್ಲಿ ಚೆರ್ರಿ, ರಾಸ್ಪ್‌ಬೆರ್ರಿಯ ವಾಸನೆ. ವರ್ಷಗಳು ಕಳೆದಂತೆ ಒದ್ದೆ ತರಗೆಲೆ, ಅಣಬೆ, ಕಾಡಿನ ನೆಲದ ವಾಸನೆ ಬರುತ್ತದೆ ಎಂದು ಬಲ್ಲವರು ವಿವರಿಸುತ್ತಾರೆ. ಬಣ್ಣವೂ ಒಗರೂ ಮುಂದೆ ನಿಂತು ಅಬ್ಬರಿಸದ ಕಾರಣ ನೆಲನೆಲದ ನಡುವಿನ ಸಣ್ಣ ವ್ಯತ್ಯಾಸ ಈ ವೈನಿನಲ್ಲಿ ಎದ್ದು ಕಾಣುತ್ತದೆ. ಕ್ಲಿಮಾಗಳ ಇಡೀ ಕಲ್ಪನೆ ನಿಂತಿರುವುದು ಈ ಬಳ್ಳಿಯ ಈ ಗುಣದ ಮೇಲೆ.

ಇನ್ನು ಚರಿತ್ರೆಗೆ ಬರೋಣ. 2008ರಲ್ಲಿ ಜವ್ರೆ-ಶಾಂಬೆರ್ತಾಂ ಊರಿನಲ್ಲಿ ಅಗೆದಾಗ ಕ್ರಿಸ್ತಶಕ ಒಂದನೆಯ ಶತಮಾನದ ದ್ರಾಕ್ಷಿತೋಟದ ಗುಣಿಗಳು ಸಾಲುಸಾಲಾಗಿ ಸಿಕ್ಕವು. 312ರಲ್ಲಿ ಓತಂ ನಗರದ ಒಬ್ಬ ವಾಗ್ಮಿ ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನನ ಎದುರು ಮಾತಾಡುತ್ತ ಈ ಸೀಮೆಯ ಬಳ್ಳಿಗಳು ಮುದಿಯಾಗಿವೆ, ಬೇರುಗಳು ಒಂದಕ್ಕೊಂದು ಹೆಣೆದುಕೊಂಡು ಬೇಸಾಯ ಕಷ್ಟವಾಗಿದೆ ಎಂದು ದೂರಿಕೊಂಡ. ಇಲ್ಲಿಯ ದ್ರಾಕ್ಷಿಯ ಬಗ್ಗೆ ನಮಗೆ ಸಿಗುವ ಅತ್ಯಂತ ಹಳೆಯ ಬರಹದ ಸಾಕ್ಷಿ ರೈತರ ಕಷ್ಟದ ಅಹವಾಲು ಎಂಬುದು ಗಮನಿಸಬೇಕಾದ ಸಂಗತಿ.

ಆದರೆ ನೆಲವನ್ನು ಶಾಸ್ತ್ರೀಯವಾಗಿ ಓದುವ ಕೆಲಸ ಗಟ್ಟಿಯಾದದ್ದು ಕ್ರೈಸ್ತ ಮಠಗಳ ಕಾಲದಲ್ಲಿ. 910ರಲ್ಲಿ ಕ್ಲುನಿ ಮಠ ಹುಟ್ಟಿತು. 1098ರಲ್ಲಿ ಇನ್ನೂ ಕಠಿಣವಾದ ವ್ರತಜೀವನ ಬೇಕೆಂದು ಹೊರಟ ಸನ್ಯಾಸಿಗಳು ಬಯಲಿನ ಜೌಗು ನೆಲದಲ್ಲಿ ಸಿತೊ ಮಠವನ್ನು ಕಟ್ಟಿದರು. ಸಿಸ್ಟರ್ಸಿಯನ್ ಪಂಥ ಇಲ್ಲಿಂದಲೇ ಆರಂಭ. ಪ್ರಾರ್ಥನೆಯಷ್ಟೇ ಮೈಮುರಿದು ದುಡಿಯುವುದೂ ಅವರ ನಿಯಮವಾಗಿತ್ತು. ಪೂಜೆಗೆ ವೈನ್ ಬೇಕಿತ್ತು, ಮಠಕ್ಕೆ ಆದಾಯವೂ ಬೇಕಿತ್ತು. 12ನೇ ಶತಮಾನದ ಮೊದಲ ಭಾಗದಿಂದ ಭಕ್ತರು ದಾನ ಕೊಟ್ಟ, ತಾವೂ ಕೊಂಡುಕೊಂಡ ತುಂಡುಗಳನ್ನು ಸೇರಿಸುತ್ತ ಹೋಗಿ 14ನೇ ಶತಮಾನದ ಹೊತ್ತಿಗೆ ಸುಮಾರು 50 ಹೆಕ್ಟೇರಿನ ತೋಟವೊಂದಕ್ಕೆ ಸುತ್ತಲೂ ಕಲ್ಲಿನ ಗೋಡೆ ಕಟ್ಟಿದರು. ಅದೇ ಕ್ಲೋ ದ ವೂಜೊ. ಆ ಗೋಡೆ ಇಂದಿಗೂ ನಿಂತಿದೆ. ಒಂದು ಮನೆತನಕ್ಕೆ ಇಲ್ಲದ ಅನುಕೂಲ ಮಠಕ್ಕಿತ್ತು. ಮಠ ಸಾಯುವುದಿಲ್ಲ, ಪಾಲಾಗುವುದಿಲ್ಲ, ಲೆಕ್ಕ ಬರೆಯುವುದನ್ನು ಬಿಡುವುದಿಲ್ಲ. ಯಾವ ಮೂಲೆಯಲ್ಲಿ ಹಣ್ಣು ಬೇಗ ಮಾಗಿತು, ಯಾವ ಪಟ್ಟಿಯ ವೈನ್ ಹೆಚ್ಚು ವರ್ಷ ಉಳಿಯಿತು ಎಂಬ ತಿಳಿವಳಿಕೆ ಒಬ್ಬ ಸನ್ಯಾಸಿಯಿಂದ ಇನ್ನೊಬ್ಬನಿಗೆ ದಾಟುತ್ತ ಶತಮಾನಗಳ ಕಾಲ ಕೂಡಿಕೊಂಡಿತು.

ಈ ಕೆಲಸದಲ್ಲಿ ಸನ್ಯಾಸಿನಿಯರೂ ಇದ್ದರು. 1141ರಲ್ಲಿ ತಾರ್ ಎಂಬ ಊರಿನ ಮಠದ ಸನ್ಯಾಸಿನಿಯರು ಮೊರೆ ಗ್ರಾಮದಲ್ಲಿ ಒಂದು ತೋಟ ಕೊಂಡರು. ಅದು ಇಂದಿನ ಕ್ಲೋ ದ ತಾರ್, ಸುಮಾರು 7.5 ಹೆಕ್ಟೇರ್. 1791ರಲ್ಲಿ ಕ್ರಾಂತಿಯ ಸರ್ಕಾರ ಅದನ್ನು ಮಾರುವವರೆಗೂ ಆರೂವರೆ ಶತಮಾನ ಅದು ಸನ್ಯಾಸಿನಿಯರದೇ ಆಗಿತ್ತು. ಅಲ್ಲಿಂದ ಈವರೆಗೆ ಮೂರು ಒಡೆತನಗಳಷ್ಟೇ ಬದಲಾಗಿವೆ. ತೋಟ ಒಮ್ಮೆಯೂ ಪಾಲಾಗಿಲ್ಲ.

ಮಠದ ತಿಳಿವಳಿಕೆಗೆ ಅರಸರ ಕಟ್ಟಳೆ ಸೇರಿತು. 14ನೇ ಶತಮಾನದ ಮಹಾಮಾರಿ ಪ್ಲೇಗಿನ ನಂತರ ಕೂಲಿಯಾಳುಗಳು ಸಿಗುವುದು ಕಷ್ಟವಾಗಿತ್ತು. ಕಡಿಮೆ ಆರೈಕೆಯಲ್ಲಿ ಪಿನೊಗಿಂತ ಎಷ್ಟೋ ಹೆಚ್ಚು ಇಳುವರಿ ಕೊಡುವ ಗಾಮೆ ಎಂಬ ಬಳ್ಳಿಯನ್ನು ರೈತರು ಹಚ್ಚತೊಡಗಿದರು. 1395ರ ಜುಲೈ 31ರಂದು ಬರ್ಗಂಡಿಯ ಡ್ಯೂಕ್ ಫಿಲಿಪ್, ಇತಿಹಾಸದಲ್ಲಿ ಧೀರ ಫಿಲಿಪ್ ಎಂದು ಹೆಸರಾದವನು, ಒಂದು ಆಜ್ಞೆ ಹೊರಡಿಸಿದ. ಗಾಮೆಯನ್ನು ದ್ರೋಹಿ ಬಳ್ಳಿ ಎಂದು ಬೈದು ಅದನ್ನು ಕಿತ್ತುಹಾಕುವಂತೆ ಹೇಳಿದ. ಇಳುವರಿಗಾಗಿ ಗೊಬ್ಬರ ಸುರಿಯುವುದನ್ನೂ ಅದೇ ಆಜ್ಞೆ ನಿಷೇಧಿಸಿತು. ಹೊಟ್ಟೆಪಾಡಿಗೆ ಗಾಮೆಯನ್ನು ನೆಚ್ಚಿದ್ದ ಬಡವರಿಗೆ ಇದು ಕಷ್ಟ ತಂದಿರಲೇಬೇಕು. ಆಜ್ಞೆಯಿಂದ ಗಾಮೆ ಅಳಿಯಲೂ ಇಲ್ಲ. 19ನೇ ಶತಮಾನದಲ್ಲಿಯೂ ಕೋಟ್ ದೋರ್ ಜಿಲ್ಲೆಯ ಬಯಲಿನಲ್ಲಿ ಅದೇ ಹೆಚ್ಚಾಗಿತ್ತು. ಆದರೆ ಒಳ್ಳೆಯ ಇಳಿಜಾರು ಪಿನೊಗೆ ಮೀಸಲು ಎಂಬ ತತ್ತ್ವ ಅಂದಿನಿಂದ ಊರಿತು. ಹೆಸರು ಬೇಕಾದರೆ ಇಳುವರಿಯ ಆಸೆಯನ್ನು ಬಿಡಬೇಕು ಎಂಬ ಮಾತು ಕಾನೂನಿನ ಭಾಷೆಯಲ್ಲಿ ಬಂದದ್ದು ಇಲ್ಲಿ. ಗಾಮೆಗೂ ನ್ಯಾಯ ಸಿಗಬೇಕು: ದಕ್ಷಿಣದ ಬೋಜೊಲೆಯ ಗ್ರಾನೈಟ್ ನೆಲದಲ್ಲಿ ಅದು ಸೊಗಸಾದ ವೈನ್ ಕೊಡುತ್ತದೆ. 1999ರಲ್ಲಿ ಪ್ರಕಟವಾದ ಡಿಎನ್‌ಎ ಸಂಶೋಧನೆ ಗಾಮೆ ಮತ್ತು ಬಿಳಿ ವೈನಿನ ಬಳ್ಳಿಯಾದ ಶಾರ್ಡೊನೆ ಎರಡೂ ಪಿನೊ ಮತ್ತು ಗುಎ ಬ್ಲಾಂ ಎಂಬ ಸಾಧಾರಣ ಬಳ್ಳಿಯ ಮಿಲನದಿಂದ ಹುಟ್ಟಿದವು ಎಂದು ತೋರಿಸಿತು. ಡ್ಯೂಕ್ ಹೊರಗಟ್ಟಿದ ಬಳ್ಳಿ ಪಿನೊದ ಸಂತಾನವೇ ಆಗಿತ್ತು.

ದತ್ತಿಯ ವೇದಿಕೆಯಲ್ಲಿ ನಿಂತು ಮಾತಾಡುವಾಗ ಬರ್ಗಂಡಿಯ ದೊಡ್ಡ ದತ್ತಿಯೊಂದನ್ನು ನೆನೆಯದೆ ಮುಂದೆ ಹೋಗಲಾಗದು. 1443ರ ಆಗಸ್ಟ್ 4ರಂದು ಅಂದಿನ ಡ್ಯೂಕ್‌ನ ಮಂತ್ರಿ ನಿಕೊಲಾ ರೊಲಾಂ ಮತ್ತು ಆತನ ಪತ್ನಿ ಗಿಗೋನ್ ದ ಸಲಾಂ ಬೋನ್ ಪಟ್ಟಣದಲ್ಲಿ ಬಡರೋಗಿಗಳಿಗಾಗಿ ಒಂದು ಆಸ್ಪತ್ರೆಯನ್ನು ಸ್ಥಾಪಿಸಿದರು. ನೂರು ವರ್ಷಗಳ ಯುದ್ಧದಿಂದ ಸೀಮೆಯೆಲ್ಲ ಹಸಿದು ಕೂತಿದ್ದ ಕಾಲ ಅದು. 1452ರ ಜನವರಿ 1ರಂದು ಮೊದಲ ರೋಗಿ ಒಳಗೆ ಬಂದ. ಬಣ್ಣದ ಹೆಂಚಿನ ಆ ಕಟ್ಟಡದಲ್ಲಿ 1971ರವರೆಗೂ ಶುಶ್ರೂಷೆ ನಡೆಯಿತು. ಆಸ್ಪತ್ರೆಯ ಖರ್ಚಿಗೆಂದು ಜನ ದ್ರಾಕ್ಷಿತೋಟಗಳನ್ನು ದಾನ ಮಾಡಿದರು. ಮೊದಲ ದಾನ ಬಂದದ್ದು 1457ರಲ್ಲಿ. ಹಾಗೆ ಸೇರಿದ ತೋಟ ಇಂದು ಸುಮಾರು 60 ಹೆಕ್ಟೇರ್. 1859ರಿಂದ ಅಲ್ಲಿಯ ವೈನನ್ನು ಬಹಿರಂಗ ಹರಾಜಿನಲ್ಲಿ ಮಾರುತ್ತಾರೆ. ನವೆಂಬರ್ ತಿಂಗಳ ಮೂರನೆಯ ಭಾನುವಾರ ನಡೆಯುವ ಆ ಹರಾಜಿನ ಹಣ ಪಟ್ಟಣದ ಇಂದಿನ ಆಸ್ಪತ್ರೆಗೆ ಹೋಗುತ್ತದೆ. ಪೀಪಾಯಿಗಳಿಗೆ ಇಟ್ಟ ಹೆಸರುಗಳಲ್ಲಿ ಹಳೆಯ ದಾನಿಗಳ ಹೆಸರುಗಳು ಇಂದೂ ಉಳಿದಿವೆ. ನೆಲದ ಗುಣ ಊರಿನ ರೋಗಿಗೆ ಔಷಧವಾಗುವ ಈ ಏರ್ಪಾಡು ಐದೂವರೆ ಶತಮಾನಗಳಿಂದ ನಡೆದುಬಂದಿದೆ. ಬರ್ಗಂಡಿಯ ಪರಂಪರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು.

ಬರೆದಿಡುವ ಅಭ್ಯಾಸದ ಫಲವನ್ನು ವಿಜ್ಞಾನಿಗಳೂ ಉಂಡಿದ್ದಾರೆ. ದ್ರಾಕ್ಷಿ ಕೊಯ್ಲು ಯಾವ ದಿನ ಶುರುವಾಗಬೇಕೆಂದು ಊರಿನ ಆಡಳಿತ ಸಾರುತ್ತಿತ್ತು. ಅದಕ್ಕೆ ಮೊದಲು ಯಾರೂ ಕೀಳುವಂತಿರಲಿಲ್ಲ. ಹಣ್ಣು ಬೇಗ ಮಾಗಿದರೆ ಆ ವರ್ಷ ಬೇಸಿಗೆ ಬಿಸಿ, ತಡವಾದರೆ ತಂಪು. ಕೊಯ್ಲುಗಾರರಿಗೆ ಕೊಟ್ಟ ಕೂಲಿಯ ಲೆಕ್ಕ, ಪಟ್ಟಣ ಸಭೆಯ ಕಡತಗಳನ್ನು ಜಾಲಾಡಿದ ಇತಿಹಾಸಕಾರರು ಬೋನ್ ಪಟ್ಟಣದ ಕೊಯ್ಲಿನ ದಿನಾಂಕಗಳನ್ನು 1354ರಿಂದ 2018ರವರೆಗೆ ಜೋಡಿಸಿ 2019ರಲ್ಲಿ ಪ್ರಕಟಿಸಿದರು. 1987ರವರೆಗೆ ಕೊಯ್ಲು ಶುರುವಾಗುತ್ತಿದ್ದ ಸರಾಸರಿ ದಿನ ಸೆಪ್ಟೆಂಬರ್ 28. 1988ರಿಂದೀಚೆಗೆ ಅದು 13 ದಿನ ಮುಂಚೆಯೇ ಬರುತ್ತಿದೆ. ಭೂಮಿ ಬಿಸಿಯಾಗುತ್ತಿದೆ ಎಂಬುದಕ್ಕೆ ಆರೂವರೆ ಶತಮಾನಗಳ ಸಾಕ್ಷ್ಯವನ್ನು ಕೂಲಿಯ ಲೆಕ್ಕ ಬರೆದ ಗುಮಾಸ್ತರು ತಮಗೆ ಅರಿವಿಲ್ಲದೆಯೇ ನಮಗೆ ಕೊಟ್ಟು ಹೋಗಿದ್ದಾರೆ.

1789ರ ಕ್ರಾಂತಿ ಮಠಗಳ ಆಸ್ತಿಯನ್ನು ರಾಷ್ಟ್ರದ್ದೆಂದು ಘೋಷಿಸಿತು. ಮುಂದಿನ ವರ್ಷಗಳಲ್ಲಿ ತೋಟಗಳು ಹರಾಜಾದವು. 1804ರ ನೆಪೋಲಿಯನ್ ಸಂಹಿತೆ ಎಲ್ಲ ಮಕ್ಕಳಿಗೂ ಸಮಪಾಲು ಎಂದಿತು. ತಲೆಮಾರು ಕಳೆದಂತೆ ತೋಟಗಳು ಪಟ್ಟಿಪಟ್ಟಿಯಾಗಿ ಒಡೆದವು. ಒಬ್ಬರೇ ಒಡೆಯರಿದ್ದ ಕ್ಲೋ ದ ವೂಜೊದಲ್ಲಿ ಇಂದು ಸುಮಾರು 80 ಒಡೆಯರು. ಕೆಲವರ ಪಾಲು ಕೆಲವೇ ಸಾಲು ಬಳ್ಳಿ. ಮಾಮೂಲಿ ಲೆಕ್ಕದಲ್ಲಿ ಇಂಥ ಒಡಕು ಪರಂಪರೆಯನ್ನು ಕೊಲ್ಲಬೇಕಿತ್ತು. ಇಲ್ಲಿ ಹಾಗಾಗಲಿಲ್ಲ, ಏಕೆಂದರೆ ಒಡೆತನ ಒಡೆದರೂ ತೋಟದ ಹೆಸರು, ಎಲ್ಲೆ ಒಡೆಯಲಿಲ್ಲ. ಎಂಬತ್ತು ಜನರೂ ಒಂದೇ ಹೆಸರಿನ ಕೆಳಗೆ ಬದುಕಬೇಕಾಯಿತು. ಒಬ್ಬ ರೈತನ ಅಡ್ಡದಾರಿ ಉಳಿದವರ ಮಾನ ಕಳೆಯುತ್ತದೆ ಎಂಬ ಅರಿವು ಇಲ್ಲಿಂದ ಬೆಳೆಯಿತು. ಈ ನಡುವೆ ವೈದ್ಯ ಜೂಲ್ ಲಾವಾಲ್ 1855ರಲ್ಲಿ ಇಡೀ ಇಳಿಜಾರಿನ ತೋಟಗಳ ಚರಿತ್ರೆ ಬರೆದು ದರ್ಜೆ ಕೊಟ್ಟ. ಅದರ ಆಧಾರದ ಮೇಲೆ ಬೋನ್‌ನ ಕೃಷಿ ಸಮಿತಿ 1861ರಲ್ಲಿ ಬಣ್ಣ ತುಂಬಿದ ನಕ್ಷೆಯನ್ನೇ ಸಿದ್ಧಪಡಿಸಿತು. ಇಂದಿನ ವರ್ಗೀಕರಣದ ಬುನಾದಿ ಅದು.

ಆಮೇಲೆ ಬಂತು ಫಿಲೊಕ್ಸೆರಾ. ಅಮೆರಿಕದಿಂದ ಬಂದ, ಬೇರಿನ ರಸ ಹೀರುವ ಈ ಪುಟ್ಟ ಕೀಟ 1860ರ ದಶಕದಲ್ಲಿ ಫ್ರಾನ್ಸಿನ ದಕ್ಷಿಣದಲ್ಲಿ ಕಾಣಿಸಿ 1878ರಲ್ಲಿ ಕೋಟ್ ದೋರ್‌ನ ಮರ್ಸೊ ಗ್ರಾಮಕ್ಕೆ ತಲುಪಿತು. ಇದಕ್ಕೆ ಔಷಧ ಕಡೆಗೂ ಸಿಗಲಿಲ್ಲ. ಕೀಟವನ್ನು ತಾಳಿಕೊಳ್ಳುವ ಅಮೆರಿಕದ ಬಳ್ಳಿಯ ಬೇರಿಗೆ ಊರಿನ ಪಿನೊದ ಕಡ್ಡಿಯನ್ನು ಕಸಿ ಕಟ್ಟುವುದೊಂದೇ ದಾರಿಯಾಯಿತು. ನೆಲದ ಸ್ವಭಾವವೇ ಕೆಟ್ಟೀತು ಎಂದು ಅನೇಕರು ಹೆದರಿದರು, ವಿರೋಧಿಸಿದರು. ಕೊನೆಗೆ ಇಡೀ ಇಳಿಜಾರನ್ನು ಕಿತ್ತು ಮತ್ತೆ ನೆಟ್ಟರು. ಅದುವರೆಗೆ ಬಳ್ಳಿಯನ್ನೇ ಮಣ್ಣಿಗೆ ಬಗ್ಗಿಸಿ ಬೇರು ಬರಿಸುತ್ತಿದ್ದುದರಿಂದ ತೋಟವೆಲ್ಲ ಒತ್ತೊತ್ತಾಗಿ ಅಡ್ಡಾದಿಡ್ಡಿ ಬೆಳೆಯುತ್ತಿತ್ತು. ಇಂದು ಕಾಣುವ ನೇರ ಸಾಲುಗಳು ಕಸಿಯ ಕಾಲದವು. ರೊಮಾನೆ-ಕೊಂತಿ ಮಾತ್ರ ತನ್ನ ಸ್ವಂತ ಬೇರಿನ ಹಳೆಯ ಬಳ್ಳಿಗಳನ್ನು 1945ರವರೆಗೂ ಹೇಗೋ ಉಳಿಸಿಕೊಂಡಿತು. ಆ ವರ್ಷ ಅದನ್ನೂ ಕಿತ್ತು 1947ರಲ್ಲಿ ಹೊಸದಾಗಿ ನೆಟ್ಟರು. 1952ರವರೆಗೆ ಆ ಹೆಸರಿನ ವೈನ್ ಹೊರಬರಲಿಲ್ಲ. ಬೇರೆ ತೋಟದ ವೈನಿಗೆ ಆ ಹೆಸರು ಹಚ್ಚಿ ಮಾರುವ ಯೋಚನೆಯನ್ನು ಅವರು ಮಾಡಲಿಲ್ಲ.

ಎಲ್ಲರೂ ಹಾಗಿರಲಿಲ್ಲ. ಕೀಟದ ಹಾವಳಿಯಿಂದ ವೈನ್ ಕೊರತೆ ಆದಾಗ ದಕ್ಷಿಣ ಫ್ರಾನ್ಸಿನ, ಅಲ್ಜೀರಿಯಾದ ಕಡುಬಣ್ಣದ ವೈನನ್ನು ಬೆರೆಸಿ ಬರ್ಗಂಡಿಯ ಹೆಸರಾಂತ ಊರುಗಳ ಹೆಸರಿನಲ್ಲಿ ಮಾರುವ ದಂಧೆ ಜೋರಾಗಿ ನಡೆಯಿತು. ನಿಜವಾಗಿ ಬೆಳೆದವನಿಗೆ ಬೆಲೆಯಿಲ್ಲ, ಹೆಸರನ್ನು ಕದ್ದವನಿಗೆ ಲಾಭ. ಇದರ ವಿರುದ್ಧ ಎದ್ದವರಲ್ಲಿ ಇಬ್ಬರು ಮುಖ್ಯರು: ವೊಲ್ನೆಯ ಮಾರ್ಕ್ವಿಸ್ ದಾಂಜರ್ವಿಲ್ ಮತ್ತು ನ್ವಿ-ಸಾಂ-ಜಾರ್ಜ್‌ನ ಆನ್ರಿ ಗೂಜ್. ದೊಡ್ಡ ವ್ಯಾಪಾರಿಗಳ ಹಗೆ ಕಟ್ಟಿಕೊಂಡು ತಮ್ಮ ವೈನನ್ನು ತಾವೇ ಬಾಟಲಿಗೆ ತುಂಬಿ ಮಾರುವ ದಾರಿ ಹಿಡಿದರು. ಇಂಥವರ ಹೋರಾಟ ಸೇರಿ ಮೂಲನಾಮಗಳನ್ನು ರಕ್ಷಿಸುವ 1919ರ ಕಾನೂನು ಬಂತು. ಕೊನೆಗೆ 1935ರ ಜುಲೈ 30ರ ಶಾಸನ ನಿಯಂತ್ರಿತ ಮೂಲನಾಮ ಪದ್ಧತಿಯನ್ನು ಜಾರಿಗೆ ತಂದಿತು.

ಈ ಪದ್ಧತಿಯ ಒಳಗುಟ್ಟನ್ನು ಸ್ವಲ್ಪ ನೋಡಬೇಕು. ಎಲ್ಲೆಯ ಜೊತೆಗೆ ಯಾವ ಬಳ್ಳಿ, ಎಕರೆಗೆಷ್ಟು ಬಳ್ಳಿ, ಹೇಗೆ ಸವರಬೇಕು, ಎಷ್ಟು ಇಳುವರಿ ಮೀರಬಾರದು ಎಲ್ಲವನ್ನೂ ಅದು ಕಟ್ಟುತ್ತದೆ. ಕೋಟ್ ದೋರ್‌ನ ಅತ್ಯುತ್ತಮ ಕೆಂಪು ತೋಟಗಳಿಗೆ ಇಳುವರಿಯ ಮಿತಿ ಹೆಕ್ಟೇರಿಗೆ ಸುಮಾರು 35ರಿಂದ 37 ಹೆಕ್ಟೋಲೀಟರ್. ಹೆಕ್ಟೇರಿಗೆ ಹತ್ತು ಸಾವಿರ ಬಳ್ಳಿ ಇರುವ ತೋಟದಲ್ಲಿ ಇದರ ಅರ್ಥ, ಎರಡು ಬಳ್ಳಿ ವರ್ಷವೆಲ್ಲ ದುಡಿದರೆ ಒಂದು ಬಾಟಲಿ. ತೋಟಗಳಿಗೆ ನಾಲ್ಕು ಮೆಟ್ಟಿಲಿನ ದರ್ಜೆ ಇದೆ: ಸೀಮೆಯ ಹೆಸರಿನ ವೈನ್, ಊರಿನ ಹೆಸರಿನದು, ಪ್ರೆಮಿಯೆ ಕ್ರೂ, ಗ್ರಾಂ ಕ್ರೂ. ಎಲ್ಲಕ್ಕಿಂತ ಮೇಲಿನ ಗ್ರಾಂ ಕ್ರೂ ತೋಟಗಳು 33; ಬರ್ಗಂಡಿಯ ಒಟ್ಟು ಉತ್ಪಾದನೆಯಲ್ಲಿ ಅವುಗಳ ಪಾಲು ನೂರಕ್ಕೆ ಒಂದರ ಆಸುಪಾಸು. ಈ ನಿಯಮಗಳನ್ನು ಪ್ಯಾರಿಸ್ಸಿನ ಅಧಿಕಾರಿಗಳು ತಾವಾಗಿ ಬರೆದು ಹೇರಿದ್ದಲ್ಲ. ಊರೂರಿನ ಬೆಳೆಗಾರರ ಸಂಘಗಳು ಚರ್ಚಿಸಿ, ಜಗಳವಾಡಿ, ಒಪ್ಪಿ ಮುಂದಿಟ್ಟದ್ದಕ್ಕೆ ಸರ್ಕಾರ ಕಾನೂನಿನ ಬಲ ಕೊಟ್ಟಿತು.

ಅದೇ 1930ರ ದಶಕದಲ್ಲಿ ಜಗತ್ತಿನ ಆರ್ಥಿಕ ಕುಸಿತದಿಂದ ನೆಲಮಾಳಿಗೆಗಳಲ್ಲಿ ವೈನ್ ಮಾರಾಟವಾಗದೆ ಕೂತಿತ್ತು. ಇಂದು ಶ್ರೀಮಂತಿಕೆಯ ಗುರುತಾಗಿರುವ ಊರುಗಳಲ್ಲಿ ಅಂದು ಬಡತನವಿತ್ತು. 1934ರಲ್ಲಿ ಕಾಮಿಲ್ ರೊದಿಯೆ ಮತ್ತು ಜಾರ್ಜ್ ಫೆವ್ಲೆ ನ್ವಿಯಲ್ಲಿ ಒಂದು ಬಳಗ ಕಟ್ಟಿ ಹೊರಗಿನವರನ್ನು ಊಟಕ್ಕೆ ಕರೆದು ತಮ್ಮ ಸೀಮೆಯನ್ನು ಪರಿಚಯಿಸತೊಡಗಿದರು. ಆ ಬಳಗ 1938ರಲ್ಲಿ ಬೆಳೆಗಾರರ ಸಂತ ವಿನ್ಸೆಂಟನ ಹಬ್ಬಕ್ಕೆ ಹೊಸ ರೂಪ ಕೊಟ್ಟು, ಅದು ವರ್ಷಕ್ಕೊಂದು ಊರಿನಲ್ಲಿ ನಡೆಯುವಂತೆ ಮಾಡಿತು. ಹಬ್ಬದಲ್ಲಿ ಮೆರವಣಿಗೆ ಹೊರಡುವುದು ಊರೂರಿನ ಪರಸ್ಪರ ಸಹಾಯ ಸಂಘಗಳು. ಸಂಘದ ಒಬ್ಬ ರೈತ ಕಾಯಿಲೆ ಬಿದ್ದರೆ ಉಳಿದವರು ಹೋಗಿ ಅವನ ತೋಟದ ಕೆಲಸ ಮಾಡಿಕೊಡುವುದು ಆ ಸಂಘಗಳ ಹಳೆಯ ಕಟ್ಟು.

ಎಡವಿದ್ದೂ ಉಂಟು. ಎರಡನೇ ಮಹಾಯುದ್ಧದ ನಂತರ ರಾಸಾಯನಿಕ ಗೊಬ್ಬರ, ಕಳೆನಾಶಕಗಳು ಲಂಗುಲಗಾಮಿಲ್ಲದೆ ಬಂದವು. ಭಾರದ ಟ್ರಾಕ್ಟರುಗಳು ಮಣ್ಣನ್ನು ತುಳಿದು ಗಟ್ಟಿ ಮಾಡಿದವು. ಮಣ್ಣಿನ ಜೀವಿಗಳು ನಾಶವಾಗುತ್ತಿವೆ ಎಂದು ಕ್ಲೋಡ್ ಮತ್ತು ಲಿಡಿಯಾ ಬೂರ್ಗಿಞೊಂ ಎಂಬ ಮಣ್ಣುವಿಜ್ಞಾನಿ ದಂಪತಿ ಎಚ್ಚರಿಸಿದರು. ನೆಲದ ಹೆಸರಿನಲ್ಲಿ ಬದುಕುವವರು ನೆಲವನ್ನೇ ಕೊಂದರೆ ಹೆಸರಿಗೆ ಅರ್ಥವೇನು ಎಂಬ ಪ್ರಶ್ನೆ ಎದ್ದಿತು. ಲಾಲು ಬಿಜ್-ಲೆರುವಾ, ಆನ್-ಕ್ಲೋಡ್ ಲೆಫ್ಲೇವ್ ಅವರಂಥ ಮಹಿಳೆಯರು ತಮ್ಮ ತೋಟಗಳನ್ನು ಜೈವಿಕ ಬೇಸಾಯಕ್ಕೆ ಹೊರಳಿಸಿ ದಾರಿ ತೋರಿದರು. ಈಗ ಕೆಲವು ತೋಟಗಳಲ್ಲಿ ಮತ್ತೆ ಕುದುರೆಯಿಂದ ಉಳುತ್ತಾರೆ.

2015ರ ಜುಲೈ 4ರಂದು ಯುನೆಸ್ಕೊ ಬರ್ಗಂಡಿಯ ಕ್ಲಿಮಾಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ತೋಟಗಳ ಜೊತೆಗೆ ಹಳ್ಳಿಗಳು, ಬೋನ್ ಪಟ್ಟಣ, ಆಡಳಿತದ ಕೇಂದ್ರವಾಗಿದ್ದ ದಿಜೊಂನ ಹಳೆಯ ಭಾಗ ಎಲ್ಲವೂ ಆ ಗೌರವದಲ್ಲಿ ಸೇರಿವೆ. ಗಾರೆ ಇಲ್ಲದೆ ಕಟ್ಟಿದ ಕಲ್ಲಿನ ಗೋಡೆ, ಹೊಲದಿಂದ ಆರಿಸಿ ರಾಶಿ ಹಾಕಿದ ಕಲ್ಲುಗುಪ್ಪೆ, ಮಳೆ ಬಂದಾಗ ರೈತ ನುಗ್ಗುವ ಕಲ್ಲಿನ ಗುಡಿಸಲು, ಇವಕ್ಕೂ ಅಲ್ಲಿ ಬೆಲೆಯಿದೆ.

ಆದರೆ ಇಂದಿನ ಸಂಕಟಗಳು ಸಣ್ಣವಲ್ಲ. ಚಳಿಗಾಲ ಬೆಚ್ಚಗಾಗಿ ಬಳ್ಳಿ ಬೇಗ ಚಿಗುರುತ್ತದೆ, ಆಮೇಲೆ ಏಪ್ರಿಲ್‌ನ ಹಿಮ ಆ ಚಿಗುರನ್ನು ಸುಡುತ್ತದೆ. 2016ರಲ್ಲಿ, ಮತ್ತೆ 2021ರಲ್ಲಿ ಇದೇ ಆಯಿತು. ರೈತರು ರಾತ್ರಿಯಿಡೀ ಸಾಲುಗಳ ನಡುವೆ ಮೇಣದ ಡಬ್ಬಿ ಉರಿಸಿ, ಹುಲ್ಲಿನ ಹೊಗೆ ಹಾಕಿ ಹೋರಾಡಿದರು. ಇನ್ನೊಂದು ಸಂಕಟ ಹಣದ್ದು. 1945ರ ರೊಮಾನೆ-ಕೊಂತಿಯ ಒಂದು ಬಾಟಲಿ 2018ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 5,58,000 ಡಾಲರಿಗೆ ಹೋಯಿತು. ಇಂಥ ಬೆಲೆಯ ಹಿಂದೆಯೇ ನೆಲದ ಬೆಲೆಯೂ ಏರುತ್ತದೆ. ಅಪ್ಪ ತೀರಿಕೊಂಡರೆ ಉತ್ತರಾಧಿಕಾರ ತೆರಿಗೆ ಕಟ್ಟಲಾಗದೆ, ಅಣ್ಣತಮ್ಮಂದಿರ ಪಾಲು ಕೊಳ್ಳಲಾಗದೆ ಮಕ್ಕಳು ತೋಟ ಮಾರುವ ಸ್ಥಿತಿ ಬಂದಿದೆ. 2014ರಲ್ಲಿ ಕ್ಲೋ ದೆ ಲಾಂಬ್ರೆ, 2017ರಲ್ಲಿ ಕ್ಲೋ ದ ತಾರ್ ಕೋಟ್ಯಧಿಪತಿಗಳ ಉದ್ಯಮ ಸಮೂಹಗಳ ಪಾಲಾದವು. ಬೆಳೆಗಾರ ತನ್ನ ಬೆಳೆಯನ್ನು ತಾನೇ ಕೊಳ್ಳಲಾಗದ ಬೆಲೆ ಯಾವ ಪರಂಪರೆಗೂ ಒಳ್ಳೆಯದಲ್ಲ ಎಂದು ನಾನು ನಂಬುತ್ತೇನೆ.

ಈಗ ನಮ್ಮ ನೆಲದ ಮಾತು. ಫ್ರಾನ್ಸಿನ ಈ ಕಾನೂನಿನ ವಿಚಾರ ಅಂತರರಾಷ್ಟ್ರೀಯ ಒಪ್ಪಂದಗಳ ಮೂಲಕ ನಮ್ಮವರೆಗೂ ಬಂದಿದೆ. ಬೌದ್ಧಿಕ ಆಸ್ತಿ ಹಕ್ಕುಗಳ ಕುರಿತ 1994ರ ಟ್ರಿಪ್ಸ್ ಒಪ್ಪಂದ ಭೌಗೋಳಿಕ ಗುರುತುಗಳಿಗೆ ರಕ್ಷಣೆ ಕೊಟ್ಟಿತು, ಅದರಲ್ಲಿಯೂ ವೈನ್ ಮತ್ತು ಸಾರಾಯಿಗಳಿಗೆ ಹೆಚ್ಚಿನ ರಕ್ಷಣೆ. ಅದೇ ಮಟ್ಟದ ರಕ್ಷಣೆ ಬೇರೆ ಸರಕುಗಳಿಗೂ ಬೇಕೆಂದು ಭಾರತ ಕೇಳುತ್ತಲೇ ಬಂದಿದೆ. ನಮ್ಮ ಭೌಗೋಳಿಕ ಸೂಚಿಕೆ ಕಾಯಿದೆ 1999ರಲ್ಲಿ ಅಂಗೀಕಾರವಾಗಿ 2003ರಲ್ಲಿ ಜಾರಿಗೆ ಬಂತು. ನಂಜನಗೂಡು ರಸಬಾಳೆ, ಕೊಡಗಿನ ಕಿತ್ತಳೆ, ಮೈಸೂರು ವೀಳ್ಯದೆಲೆ, ಬ್ಯಾಡಗಿ ಮೆಣಸಿನಕಾಯಿ, ಉಡುಪಿಯ ಮಟ್ಟುಗುಳ್ಳ, ದೇವನಹಳ್ಳಿ ಚಕ್ಕೋತ, ಬೆಂಗಳೂರು ನೀಲಿ ದ್ರಾಕ್ಷಿ ಎಲ್ಲವೂ ಆ ಪಟ್ಟಿಯಲ್ಲಿವೆ. ಬರ್ಗಂಡಿಯ ತೋಟಕ್ಕೂ ಮಟ್ಟುವಿನ ಗುಳ್ಳದ ಗದ್ದೆಗೂ ಇರುವ ನಂಟು ಇದು.

ಪ್ರಮಾಣಪತ್ರ ಸಿಕ್ಕಿತು ಎಂದು ನಾವು ಸಂಭ್ರಮಿಸಿದೆವು. ಬರ್ಗಂಡಿಯ ಕಥೆ ಹೇಳುವುದು, ಪ್ರಮಾಣಪತ್ರದಿಂದ ಕೆಲಸ ಶುರುವಾಗುತ್ತದೆ ಎಂದು. ರಸಬಾಳೆ ಪನಾಮಾ ಸೊರಗು ರೋಗಕ್ಕೆ ಸಿಕ್ಕಿ ಅದರ ತೋಟಗಳು ತೀರ ಕುಗ್ಗಿಹೋದವು. ಬರ್ಗಂಡಿಯವರು ಫಿಲೊಕ್ಸೆರಾವನ್ನು ಎದುರಿಸಿದಂತೆ ಊರಿಗೆ ಊರೇ ನಿಂತು ಅದನ್ನು ಉಳಿಸುವ ಕೆಲಸ ಆಗಬೇಕಾದಷ್ಟು ಆಗಿಲ್ಲ. ಬ್ಯಾಡಗಿಯ ಮಾರುಕಟ್ಟೆಗೆ ಆಂಧ್ರದಿಂದಲೂ ಅಪಾರ ಮೆಣಸಿನಕಾಯಿ ಬರುತ್ತದೆ. ವ್ಯಾಪಾರ ನಡೆಯಲಿ, ಆದರೆ ಯಾವ ಚೀಲದ ಕಾಯಿ ಯಾವ ಹೊಲದ್ದು ಎಂಬುದು ಕೊಳ್ಳುವವನಿಗೆ ಗೊತ್ತಾಗದಿದ್ದರೆ ಹೆಸರಿನ ಫಲ ಬೆಳೆದವನಿಗೆ ದಕ್ಕುವುದಿಲ್ಲ. ಎಷ್ಟು ಹೆಸರುಗಳನ್ನು ನೋಂದಾಯಿಸಿದೆವು ಎಂಬುದಕ್ಕಿಂತ, ಆ ಹೆಸರಿಗಾಗಿ ಯಾವ ನಿಯಮವನ್ನು ಬೆಳೆಗಾರರು ತಾವಾಗಿ ಒಪ್ಪಿಕೊಂಡರು ಎಂಬುದು ಮುಖ್ಯ.

ಈ ಸಭೆಯಲ್ಲಿರುವ ವಿದ್ಯಾರ್ಥಿಗಳಲ್ಲಿ ನನ್ನ ಒಂದು ಬಿನ್ನಹ. ನಿಮ್ಮ ಊರಿಗೆ ಹೋದಾಗ ಹಿರಿಯರನ್ನು ಕೂರಿಸಿಕೊಂಡು ಹೊಲಗಳ ಹೆಸರು ಕೇಳಿ, ಎಲ್ಲೆ ಕೇಳಿ, ಯಾವ ಮಣ್ಣಿಗೆ ಯಾವ ತಳಿ ಒಗ್ಗುತ್ತಿತ್ತು ಎಂದು ಕೇಳಿ. ಬಿತ್ತಿದ ದಿನ, ಕೊಯ್ದ ದಿನ, ಮಳೆ ಬಂದ ದಿನಗಳನ್ನು ಬರೆದಿಡಿ. ಕೃಷಿ ವಿಶ್ವವಿದ್ಯಾಲಯಗಳು, ಗ್ರಾಮ ಪಂಚಾಯಿತಿಗಳು, ಬೆಳೆಗಾರರ ಸಂಘಗಳು ಈ ಬರಹಗಳನ್ನು ಕೂಡಿಸಿ ಕಾಪಾಡುವ ಹೊಣೆ ಹೊರಬೇಕು. ಬರ್ಗಂಡಿಗೆ ಸಾವಿರ ವರ್ಷ ಹಿಡಿಯಿತು. ಅವರ ಅನುಭವ ಕಣ್ಣೆದುರು ಇರುವುದರಿಂದ ನಮಗೆ ಅಷ್ಟು ಕಾಲ ಬೇಕಿಲ್ಲ. ಆದರೆ ಹೆಸರು ಗೊತ್ತಿರುವ ಹಿರಿಯರು ಇರುವಾಗಲೇ ಈ ಕೆಲಸ ಶುರುವಾಗಬೇಕು. ದಯವಿಟ್ಟು ಈ ವರ್ಷವೇ ಶುರುಮಾಡಿ.